ತೆಶಿಮಾ ದ್ವೀಪದ ವಿಷತ್ಯಾಜ್ಯ: ತೆರವಿನ ವೆಚ್ಚ ಯಾರ ತಲೆಗೆ?

ಅಕ್ರಮವಾಗಿ ಸುರಿದ ಅಪಾಯಕಾರಿ ತ್ಯಾಜ್ಯದ ತೆರವಿಗೆ ಸರ್ಕಾರಗಳು ಹೇಗೆ ಹಣ ಒದಗಿಸುತ್ತವೆ ಎಂಬುದನ್ನು ಓದುವವರಿಗೆ ಜಪಾನಿನ ತೆಶಿಮಾ ಪ್ರಕರಣ ಒಳ್ಳೆಯ ಪಾಠ. ಸೆಟೊ ಒಳನಾಡು ಸಮುದ್ರದಲ್ಲಿರುವ ಈ ದ್ವೀಪ ಕಗಾವಾ ಪ್ರಾಂತ್ಯಕ್ಕೆ ಸೇರಿದ್ದು.

1978ರಲ್ಲಿ ಪ್ರಾಂತೀಯ ಆಡಳಿತವು ಇಲ್ಲಿನ ಒಂದು ಕಂಪನಿಗೆ ಪರವಾನಗಿ ನೀಡಿದ್ದು ಎರೆಹುಳು ಸಾಕಣೆಗೆ. ಮರದ ಚೂರು, ಕಾಗದ ಕಾರ್ಖಾನೆಯ ಕೆಸರು ಮುಂತಾದವನ್ನು ಹುಳುಗಳಿಗೆ ಉಣಿಸಬೇಕಿತ್ತು. ಆದರೆ ಹಳೆಯ ಕಾರುಗಳನ್ನು ಪುಡಿಮಾಡಿ ಲೋಹ ಬೇರ್ಪಡಿಸಿದ ಮೇಲೆ ಉಳಿಯುವ ಪ್ಲಾಸ್ಟಿಕ್, ರಬ್ಬರ್ ಚೂರುಗಳು ಮತ್ತು ತ್ಯಾಜ್ಯ ಎಣ್ಣೆ ಅಲ್ಲಿಗೆ ಬಂದು ಬಿದ್ದವು. ಬಯಲಲ್ಲೇ ಬೆಂಕಿಗೂ ಆಹುತಿಯಾದವು. ನಿವಾಸಿಗಳು ದೂರಿದಾಗ, ಕಂಪನಿ ಇದನ್ನು ಹಣ ಕೊಟ್ಟು ಕೊಂಡಿರುವುದರಿಂದ ಇದು ಕಚ್ಚಾವಸ್ತುವೇ ಹೊರತು ತ್ಯಾಜ್ಯವಲ್ಲ ಎಂಬ ವಾದವನ್ನು ಆಡಳಿತ ಒಪ್ಪಿಕೊಂಡಿತು. ವಾಸ್ತವವಾಗಿ, ಕೊಟ್ಟ ಬೆಲೆಗಿಂತ ಹೆಚ್ಚಿನ ಮೊತ್ತವನ್ನು ಅದೇ ಮಾರಾಟಗಾರರಿಂದ ಸಾಗಣೆ ವೆಚ್ಚದ ಹೆಸರಿನಲ್ಲಿ ಕಂಪನಿ ಪಡೆಯುತ್ತಿತ್ತು. ಇಡೀ ಪ್ರಕರಣದ ಬೇರು ಇಲ್ಲಿದೆ ಎಂಬುದು ನನ್ನ ಅಭಿಪ್ರಾಯ.

1990ರ ನವೆಂಬರ್‌ನಲ್ಲಿ ದಾಳಿ ನಡೆಸಿದ್ದು ಕೂಡ ಕಗಾವಾದವರಲ್ಲ, ಹ್ಯೋಗೊ ಪ್ರಾಂತ್ಯದ ಪೊಲೀಸರು. ಮರುವರ್ಷ ನ್ಯಾಯಾಲಯ ಕಂಪನಿಗೆ ವಿಧಿಸಿದ ದಂಡ 5 ಲಕ್ಷ ಯೆನ್. ತೆರವಿಗೆ ಕೊನೆಗೆ ತಗುಲಿದ ವೆಚ್ಚ ಸುಮಾರು 8,000 ಕೋಟಿ ಯೆನ್. ತಪ್ಪು ಮಾಡಿದವನೇ ತೆರಬೇಕೆಂಬ ತತ್ವ ಎಷ್ಟೇ ನ್ಯಾಯವಾಗಿದ್ದರೂ ದಿವಾಳಿಯಾದವನಿಂದ ಹಣ ಹುಟ್ಟುವುದಿಲ್ಲ. ನಿವಾಸಿಗಳು 1993ರಲ್ಲಿ ಅಧಿಕೃತ ಮಧ್ಯಸ್ಥಿಕೆಯ ಮೊರೆ ಹೋದರು. 2000ದ ಜೂನ್‌ನಲ್ಲಿ ಒಪ್ಪಂದವಾಗಿ, ಗವರ್ನರ್ ಕ್ಷಮೆ ಕೇಳಿದರು. ನಿವಾಸಿಗಳು ತಮಗೆ ಬರಬೇಕಾದ ಪರಿಹಾರವನ್ನೇ ಬಿಟ್ಟುಕೊಟ್ಟು ನೆಲ ಶುದ್ಧವಾದರೆ ಸಾಕೆಂದರು. ಈ ತ್ಯಾಗಕ್ಕೆ ಪಠ್ಯಗಳಲ್ಲಿ ಇನ್ನೂ ಹೆಚ್ಚಿನ ಜಾಗ ಸಿಗಬೇಕು.

ಇನ್ನು ಹಣದ ವ್ಯವಸ್ಥೆ. 2003ರ ವಿಶೇಷ ಕಾಯ್ದೆಯು 1998ರ ಜೂನ್‌ಗಿಂತ ಮೊದಲು ಸುರಿದ ಕೈಗಾರಿಕಾ ತ್ಯಾಜ್ಯಕ್ಕೆ ಅನ್ವಯಿಸುತ್ತಿತ್ತು. ಸುರಿದವರು ಯಾರೆಂದು ತಿಳಿಯದಿದ್ದಾಗ, ಅಥವಾ ಆದೇಶ ಕೊಟ್ಟರೂ ಅವರು ತೆಗೆಯದಿದ್ದಾಗ, ಪ್ರಾಂತ್ಯವೇ ಕೆಲಸ ಕೈಗೆತ್ತಿಕೊಂಡು ವೆಚ್ಚವನ್ನು ಅವರಿಂದ ವಸೂಲಿ ಮಾಡಬಹುದಿತ್ತು. ವಸೂಲಾಗದ ಭಾರ ಹಗುರಾಗಲೆಂದು ಕೇಂದ್ರವು ಒಂದು ಪ್ರತಿಷ್ಠಾನದ ನಿಧಿಯ ಮೂಲಕ, ಅಪಾಯಕಾರಿ ತ್ಯಾಜ್ಯವಾದರೆ ಅರ್ಧದಷ್ಟು, ಉಳಿದದ್ದಕ್ಕೆ ಮೂರನೇ ಒಂದು ಭಾಗ ಸಹಾಯಧನ ಕೊಡುತ್ತಿತ್ತು. ಬಾಕಿ ಮೊತ್ತಕ್ಕೆ ಪ್ರಾಂತ್ಯ ಸಾಲಪತ್ರ ಹೊರಡಿಸಬಹುದಿತ್ತು. ಆದ್ದರಿಂದ ರಾಶಿಯಲ್ಲಿ ಏನಿದೆ ಎಂಬ ಪರೀಕ್ಷೆ ಆರೋಗ್ಯದ ಪ್ರಶ್ನೆಯಷ್ಟೇ ಅಲ್ಲದೆ ಲೆಕ್ಕಪತ್ರದ ಪ್ರಶ್ನೆಯೂ ಆಗಿತ್ತು. 1998ರ ನಂತರದ ತ್ಯಾಜ್ಯಕ್ಕೆ ಬೇರೆಯೇ ನಿಧಿಯಿದ್ದು, ಅದಕ್ಕೆ ಸರ್ಕಾರದ ಜೊತೆ ಉದ್ಯಮಗಳೂ ಹಣ ಹಾಕುತ್ತವೆ.

ತೆಶಿಮಾದ ರಾಶಿಯನ್ನು ಅಗೆದು, ಹಡಗಿನಲ್ಲಿ ನೆರೆಯ ನಾವೊಶಿಮಾ ದ್ವೀಪಕ್ಕೆ ಸಾಗಿಸಿ, ಕುಲುಮೆಯಲ್ಲಿ ಕರಗಿಸಲಾಯಿತು; ಉಳಿದ ಗಸಿ ಕಾಂಕ್ರೀಟಿಗೆ ಬಳಕೆಯಾಯಿತು. 2003ರಲ್ಲಿ ಆರಂಭವಾದ ಸಾಗಣೆ 2017ರ ಮಾರ್ಚ್‌ನಲ್ಲಿ ಮುಗಿಯುವ ಹೊತ್ತಿಗೆ ತೆಗೆದ ತ್ಯಾಜ್ಯ ಮತ್ತು ಕಲುಷಿತ ಮಣ್ಣಿನ ಪ್ರಮಾಣ ಸುಮಾರು 9 ಲಕ್ಷ ಟನ್ ತಲುಪಿತ್ತು. ಮೊದಲು ಅಂದಾಜಿಸಿದ್ದಕ್ಕಿಂತ ಇದು ಬಹಳ ಹೆಚ್ಚು. ಹತ್ತು ವರ್ಷಕ್ಕೆಂದು ಮಾಡಿದ ಕಾಯ್ದೆಯನ್ನು 2012ರಲ್ಲಿ ಇನ್ನೂ ಹತ್ತು ವರ್ಷ ವಿಸ್ತರಿಸಬೇಕಾಯಿತು. ಸಾಗಣೆ ಮುಗಿಯಿತೆಂದು ಸಾರಿದ ಮರುವರ್ಷ ಅದೇ ಜಾಗದಲ್ಲಿ ನೂರಾರು ಟನ್ ಕೆಸರು ಮತ್ತೆ ಸಿಕ್ಕಿತು. 2023ರ ಮಾರ್ಚ್‌ನಲ್ಲಿ ಕಾಯ್ದೆಯ ಅವಧಿ ತೀರಿದಾಗ, ಅಂತರ್ಜಲದ ಮೇಲೆ ನಿಗಾ ಇಡುವ ಕೆಲಸ ಇನ್ನೂ ಬಾಕಿಯಿತ್ತು.