ಒಂದು ಕಷಾಯ, ಎರಡು ಕೆಂಪು ಡಬ್ಬಿ

ಬಾಯಿಹುಣ್ಣು, ಗಂಟಲುರಿ ಬಂದರೆ ನಾವು ‘ಉಷ್ಣ ಆಗಿದೆ’ ಎನ್ನುತ್ತೇವೆ. ಚೀನೀಯರು ‘ಶಾಂಗ್‌ಹುವೊ’ ಎನ್ನುತ್ತಾರೆ, ಅಂದರೆ ಬೆಂಕಿ ಮೇಲೇರಿದೆ. ಸೆಕೆ, ತೇವ ಎರಡೂ ಹೆಚ್ಚಿರುವ ದಕ್ಷಿಣ ಚೀನಾದ ಗುವಾಂಗ್‌ಡಾಂಗ್ ಪ್ರಾಂತ್ಯದಲ್ಲಿ ಅದಕ್ಕೆ ಮದ್ದು ಲಿಯಾಂಗ್‌ಚಾ. ಹೆಸರಿನ ಅರ್ಥ ತಂಪು ಚಹಾ. ಆದರೆ ಅದರಲ್ಲಿ ಚಹಾ ಎಲೆಯೇ ಇಲ್ಲ, ಎಷ್ಟೋ ಜನ ಕುಡಿಯುವುದೂ ಬಿಸಿಬಿಸಿಯಾಗಿಯೇ.

ಮನೆಯಲ್ಲಿ ಮಾಡುವವರು ಬೇಸಿಗೆಯಲ್ಲಿ ಒಣಗುವ ‘ಷಿಯಾಕುಕಾವೊ’ ಎಂಬ ಮೂಲಿಕೆಯ ತೆನೆ 15 ಗ್ರಾಂ, ಜೇಷ್ಠಮಧು 5 ಗ್ರಾಂ ತೆಗೆದುಕೊಂಡು ಒಂದೂವರೆ ಲೀಟರ್ ತಣ್ಣೀರಿನಲ್ಲಿ ಅರ್ಧ ಗಂಟೆ ನೆನೆಸುತ್ತಾರೆ. ನೇರವಾಗಿ ಬಿಸಿನೀರಿಗೆ ಹಾಕಿದರೆ ಒಣ ತೆನೆಯ ಒಳಗಿನ ಸಾರ ಸರಿಯಾಗಿ ಇಳಿಯದು. ಆಮೇಲೆ ಸಣ್ಣ ಉರಿಯಲ್ಲಿ ಅರ್ಧ ಗಂಟೆ ಕುದಿಸಬೇಕು. ಸೇವಂತಿಗೆ, ಹನಿಸಕಲ್ ಮೊಗ್ಗು ತಲಾ 10 ಗ್ರಾಂ ಕೊನೆಯ ಐದು ನಿಮಿಷಕ್ಕೆ ಮಾತ್ರ. ಮೊದಲೇ ಹಾಕಿದರೆ ಘಮ ಹಬೆಯಲ್ಲಿ ಹೋಗಿ ಕಹಿಯಷ್ಟೇ ಉಳಿಯುತ್ತದೆ. ಕಬ್ಬಿಣದ ಪಾತ್ರೆ ಬೇಡ, ಒಗರು ಕಬ್ಬಿಣಕ್ಕೆ ತಗುಲಿ ಕಷಾಯ ಕಪ್ಪಾಗುತ್ತದೆ. ಮಣ್ಣಿನ ಮಡಕೆ ವಾಸಿ.

ಈ ಕಷಾಯಕ್ಕೆ ಹೆಸರು ತಂದ ‘ವಾಂಗ್‌ಲಾವೊಜಿ’ ಅಂಗಡಿ 1828ರದ್ದು. 1950ರ ದಶಕದಲ್ಲಿ ಗುವಾಂಗ್‌ಝೌ ನಗರದ ಅಂಗಡಿ ಸರ್ಕಾರದ ಪಾಲಾಯಿತು, ಹೊರದೇಶಗಳಲ್ಲಿನ ಹೆಸರು ಹಾಂಗ್‌ಕಾಂಗ್‌ನ ವಂಶಸ್ಥರಲ್ಲಿ ಉಳಿಯಿತು. ಗೋಜಲಿನ ಬೀಜ ಅಲ್ಲಿದೆ.

ಅದು ಮೊಳೆತದ್ದು 1995ರಲ್ಲಿ. ಚೀನಾದೊಳಗೆ ಈ ಹೆಸರಲ್ಲಿ ಕೆಂಪು ಡಬ್ಬಿ ಮಾರುವ ಪರವಾನಗಿಯನ್ನು ಹಾಂಗ್‌ಕಾಂಗ್‌ನ ಹಂಗ್ ಟು ಗುಂಪು ಸರ್ಕಾರಿ ಕಂಪನಿಯಿಂದ ಪಡೆಯಿತು. ಸರ್ಕಾರಿ ಕಂಪನಿಯ ಪಾಲಿಗೆ ಹಸಿರು ಪೊಟ್ಟಣ. ಕೆಂಪು ಡಬ್ಬಿಯ ಜಾಹೀರಾತು ಔಷಧದ ಮಾತೆತ್ತದೆ, ಖಾರದ ಊಟದ ಜೊತೆ ‘ಉಷ್ಣದ ಭಯವಿದ್ದರೆ ಇದನ್ನು ಕುಡಿಯಿರಿ’ ಎಂದಷ್ಟೇ ಹೇಳಿತು. ದಕ್ಷಿಣದ ಕಷಾಯ ದೇಶವಿಡೀ ಕುಡಿಯುವ ತಂಪು ಪಾನೀಯವಾಯಿತು. ಡಬ್ಬಿಯಲ್ಲಿ 310 ಮಿಲಿಲೀಟರ್. ಪ್ರತಿ 100ಕ್ಕೆ ಸಕ್ಕರೆ ಸುಮಾರು 9 ಗ್ರಾಂ. ಮಡಕೆಯ ಕಹಿ ನಾಲಿಗೆಗೆ ಹತ್ತಿದವರಿಗೆ ಇದು ಪಾನಕವೇ.

ಪರವಾನಗಿಯ 2000ದ ಒಪ್ಪಂದ 2010ಕ್ಕೆ ಮುಗಿಯಬೇಕಿತ್ತು. 2002 ಮತ್ತು 2003ರ ಪೂರಕ ಪತ್ರಗಳು ಅದನ್ನು 2020ರವರೆಗೆ ಎಳೆದವು. ಅವುಗಳ ಹಿಂದೆ ಹಣ ಕೈಬದಲಾಗಿದ್ದು ಬೆಳಕಿಗೆ ಬಂದು, ಸರ್ಕಾರಿ ಕಂಪನಿಯ ಹಿರಿಯ ಅಧಿಕಾರಿಯೊಬ್ಬರಿಗೆ ಲಂಚದ ಆರೋಪದಲ್ಲಿ ಶಿಕ್ಷೆಯಾಯಿತು. ಇಷ್ಟಾದರೂ ಡಬ್ಬಿ ಮಾರಾಟವಾಗುತ್ತಲೇ ಇತ್ತು. ದುಡ್ಡು ಬರುವಷ್ಟು ದಿನ ಯಾರೂ ಪತ್ರ ಬಿಚ್ಚಿ ಓದುವುದಿಲ್ಲವಲ್ಲ. 2012ರ ಮೇನಲ್ಲಿ ಬೀಜಿಂಗ್‌ನ ಮಧ್ಯಸ್ಥಿಕೆ ಮಂಡಳಿ ಪೂರಕ ಪತ್ರಗಳು ಅಸಿಂಧು ಎಂದಿತು. ಅದಕ್ಕೂ ಮುನ್ನವೇ ಡಬ್ಬಿಯ ಒಂದು ಬದಿಯಲ್ಲಿ ವಾಂಗ್‌ಲಾವೊಜಿ, ಇನ್ನೊಂದು ಬದಿಯಲ್ಲಿ ‘ಜಿಯಾಡುವೊಬಾವೊ’ ಎಂದು ಅಚ್ಚಾಗತೊಡಗಿತ್ತು. ಪರವಾನಗಿ ಕಳೆದುಕೊಂಡವರು ಎರಡನೆಯ ಹೆಸರಲ್ಲಿ ಮುಂದುವರಿದರು.

ಹೆಸರು ತೀರ್ಮಾನವಾದರೂ ಡಬ್ಬಿಯ ಬಣ್ಣದ ಜಗಳ ಉಳಿಯಿತು. 2014ರಲ್ಲಿ ಗುವಾಂಗ್‌ಡಾಂಗ್ ಉಚ್ಚ ನ್ಯಾಯಾಲಯ ಕೆಂಪು ಡಬ್ಬಿ ಸರ್ಕಾರಿ ಕಂಪನಿಯದ್ದೆಂದು ಹೇಳಿ 15 ಕೋಟಿ ಯುವಾನ್ ಪರಿಹಾರ ವಿಧಿಸಿತು. 2017ರ ಆಗಸ್ಟ್‌ನಲ್ಲಿ ಸರ್ವೋಚ್ಚ ಜನತಾ ನ್ಯಾಯಾಲಯ ಅದನ್ನು ತಿರುಗಿಸಿತು: ಡಬ್ಬಿಯ ಹೆಸರು ಬೆಳೆಸಿದ್ದರಲ್ಲಿ ಇಬ್ಬರ ಪಾಲೂ ಇದೆ, ಗ್ರಾಹಕರನ್ನು ದಾರಿತಪ್ಪಿಸದೆ ಇಬ್ಬರೂ ಬಳಸಬಹುದು.

ಈ ನಡುವೆ ಗಿಡಮೂಲಿಕೆಗೂ ಕಂಟಕ ಬಂದಿತ್ತು. ಷಿಯಾಕುಕಾವೊ ಆಹಾರಕ್ಕೆ ಬಳಸಬಹುದಾದ ಮೂಲಿಕೆಗಳ ಪಟ್ಟಿಯಲ್ಲಿಲ್ಲ ಎಂದು 2009ರಲ್ಲಿ ಗದ್ದಲವೆದ್ದಿತು. ಮರುವರ್ಷ ಆರೋಗ್ಯ ಸಚಿವಾಲಯ ಅದನ್ನೂ ದೇವಗಣಗಿಲೆ ಹೂವನ್ನೂ ಲಿಯಾಂಗ್‌ಚಾ ಪಾನೀಯಕ್ಕೆ ಬಳಸಲು ಒಪ್ಪಿತು. ಗುವಾಂಗ್‌ಝೌ ಬೀದಿಯ ಅಂಗಡಿಗಳಲ್ಲಿ ಈಗಲೂ ಕಡುಕಹಿಯ ‘ಇಪ್ಪತ್ನಾಲ್ಕು ರುಚಿ’ ಲೋಟದಲ್ಲಿ ಸಿಗುತ್ತದೆ. ಎಣಿಸಿದರೆ ಮೂಲಿಕೆ ಇಪ್ಪತ್ನಾಲ್ಕೇ ಇರಬೇಕೆಂದಿಲ್ಲ.