ಕೈಮಾ ಸಾಸೇಜ್ ಆಗುವುದು ಉಪ್ಪಿನಿಂದ

ಬೀಫ್ ಕೈಮಾಕ್ಕೆ ಸೇಜ್ ಎಲೆ, ಕಾಳುಮೆಣಸು, ಉಪ್ಪು ಬೆರೆಸಿ ತಟ್ಟಿ ಕಾವಲಿಗೆ ಹಾಕಿದರೆ ಬೆಳಗಿನ ತಿಂಡಿಯ ಸಾಸೇಜ್ ಸಿದ್ಧ ಎಂದುಕೊಳ್ಳುವವರು ಬಹಳ. ಹಾಗೆ ಮಾಡಿದರೆ ಸಿಗುವುದು ಸಾಸೇಜ್‌ನ ಪರಿಮಳವಿರುವ ಬರ್ಗರ್ ಬಿಲ್ಲೆ ಅಷ್ಟೇ. ಮುರಿದರೆ ಪುಡಿಪುಡಿಯಾಗಿ ಉದುರುತ್ತದೆ, ರಸ ಕಾವಲಿಯಲ್ಲೇ ಉಳಿದುಬಿಡುತ್ತದೆ. ನಿಜವಾದ ಸಾಸೇಜ್ ಕಚ್ಚಿದಾಗ ತುಸು ಪುಟಿಯುತ್ತದೆ, ಚಾಕುವಿಗೆ ಚೊಕ್ಕವಾಗಿ ಹೋಳಾಗುತ್ತದೆ, ರಸವನ್ನು ಒಳಗೇ ಹಿಡಿದಿಟ್ಟುಕೊಂಡಿರುತ್ತದೆ. ಇದು ಮಸಾಲೆಯಿಂದ ಬರುವ ಗುಣವಲ್ಲ. ಉಪ್ಪು, ಅದಕ್ಕೆ ಕೆಲಸ ಮಾಡಲು ಕೊಟ್ಟ ಸಮಯ, ತಣ್ಣಗಿರುವಾಗಲೇ ನಾದುವುದು, ಈ ಮೂರರಿಂದ ಬರುತ್ತದೆ.

ಸ್ನಾಯುವಿನ ಎಳೆಗಳಲ್ಲಿ ಮಯೋಸಿನ್ ಎಂಬ ಪ್ರೋಟೀನ್ ಹೇರಳವಾಗಿದೆ. ಬರಿಯ ನೀರಿನಲ್ಲಿ ಅದು ಕರಗದು, ಉಪ್ಪುನೀರಿನಲ್ಲಿ ಕರಗುತ್ತದೆ. ಕೈಮಾದ ಮೇಲೆ ಬಿದ್ದ ಉಪ್ಪು ಮಾಂಸದ ತೇವದಲ್ಲೇ ಕರಗುತ್ತದೆ. ಆಗ ಎಳೆಗಳು ಉಬ್ಬಿ, ಮಯೋಸಿನ್ ಹೊರಬಂದು, ತುಣುಕುಗಳ ಮೇಲೆ ಅಂಟಿನಂತೆ ಹರಡಿಕೊಳ್ಳುತ್ತದೆ. ಬಿಸಿ 50 ಡಿಗ್ರಿ ಸೆಲ್ಸಿಯಸ್ ದಾಟಿದಂತೆ ಈ ಅಂಟು ಗಟ್ಟಿಯಾಗಿ ಬಲೆಯಾಗುತ್ತದೆ. ತುಣುಕುಗಳನ್ನು ಒಂದಕ್ಕೊಂದು ಹೊಂದಿಸುವುದೂ ನೀರು, ಕೊಬ್ಬು ಸೋರದಂತೆ ತಡೆಯುವುದೂ ಆ ಬಲೆಯೇ. ಮೊಟ್ಟೆ, ಬ್ರೆಡ್ ಪುಡಿ ಯಾವುದೂ ಬೇಕಿಲ್ಲ.

ಉಪ್ಪು ಎಷ್ಟು? ಮಾಂಸದ ತೂಕದ ನೂರಕ್ಕೆ 1.5ರಿಂದ 2 ಪಾಲು. ಕಡಿಮೆಯಾದರೆ ಅಂಟು ಸಾಲದು, ಹೆಚ್ಚಾದರೆ ತಿನ್ನಲಾಗದು. ಚಮಚದಲ್ಲಿ ಅಳೆಯಬೇಡಿ. ಒಂದು ಟೀ ಚಮಚ ನುಣುಪಾದ ಉಪ್ಪು ಸುಮಾರು 6 ಗ್ರಾಂ ತೂಗಿದರೆ, ಅದೇ ಚಮಚದಲ್ಲಿ ಹಗುರವಾದ ಪದರು ಉಪ್ಪು ಅದರ ಅರ್ಧದಷ್ಟೇ ತೂಗಬಹುದು. ಒಂದು ಗ್ರಾಂವರೆಗೆ ತೋರಿಸುವ ತಕ್ಕಡಿ ಈ ಅಡುಗೆಗೆ ನಿಜಕ್ಕೂ ಅಗತ್ಯ.

ಒಂದು ಕಿಲೋ ಕೈಮಾಕ್ಕೆ ಹೊಂದುವ ಅಳತೆ ಹೀಗಿದೆ: ಉಪ್ಪು 16 ಗ್ರಾಂ, ಆಗಷ್ಟೇ ಪುಡಿ ಮಾಡಿದ ಕಾಳುಮೆಣಸು 4 ಗ್ರಾಂ, ಒಣಗಿಸಿ ಉಜ್ಜಿದ ಸೇಜ್ ಎಲೆ 3 ಗ್ರಾಂ, ಒಣ ಥೈಮ್ 1 ಗ್ರಾಂ, ಒಣಮೆಣಸಿನಕಾಯಿ ತರಿ 1 ಗ್ರಾಂ, ತುರಿದ ಜಾಯಿಕಾಯಿ ಅರ್ಧ ಗ್ರಾಂ, ಕಂದು ಸಕ್ಕರೆ 10 ಗ್ರಾಂ, ಮಂಜುಗಡ್ಡೆಯಂತೆ ತಣ್ಣಗಿರುವ ನೀರು 50 ಮಿಲಿ ಲೀಟರ್. ಸೇಜ್ ಮಾತ್ರ ಬಿಡಬಾರದು. ಅದರ ಕರ್ಪೂರದಂಥ ಘಾಟು ಇಲ್ಲದಿದ್ದರೆ ಇದನ್ನು ಬೆಳಗಿನ ಸಾಸೇಜ್ ಎಂದು ಯಾರೂ ಗುರುತಿಸಲಾರರು. ಬೀಫ್‌ನ ಗಾಢ ರುಚಿಯನ್ನು ಹದಕ್ಕೆ ತರುವ ಎಲೆಯೂ ಅದೇ. ಉಳಿದವು ನಿಮ್ಮ ನಾಲಿಗೆಗೆ ಬಿಟ್ಟದ್ದು.

ಕೈಮಾದಲ್ಲಿ ಕೊಬ್ಬು ನೂರಕ್ಕೆ 20 ಪಾಲಾದರೂ ಇರಲಿ. 25 ಇದ್ದರೆ ಇನ್ನೂ ಒಳ್ಳೆಯದು. ಕೊಬ್ಬು ಕಡಿಮೆಯಾದರೆ ಮಯೋಸಿನ್ ಬಲೆಯನ್ನು ಸಡಿಲಗೊಳಿಸಲು ಏನೂ ಇರುವುದಿಲ್ಲ, ಸಾಸೇಜ್ ರಬ್ಬರಿನಂತಾಗುತ್ತದೆ. ನೂರಕ್ಕೆ 10ರಷ್ಟೇ ಕೊಬ್ಬಿರುವ ಕೈಮಾ ಸಿಕ್ಕಿದ್ದರೆ, ಅಂಥ 880 ಗ್ರಾಂಗೆ 120 ಗ್ರಾಂ ಬೀಫ್ ಕೊಬ್ಬನ್ನು ತಣ್ಣಗಿರುವಾಗ ಸಣ್ಣಗೆ ಕೊಚ್ಚಿ ಸೇರಿಸಬಹುದು. ಎದೆಭಾಗದ ಕೊಬ್ಬು ಇದಕ್ಕೆ ಸೂಕ್ತ, ಮೂತ್ರಪಿಂಡದ ಸುತ್ತಲಿನ ಕೊಬ್ಬು ಅಲ್ಲ. ಮೂತ್ರಪಿಂಡದ ಕೊಬ್ಬಿನಲ್ಲಿ ಸ್ಯಾಚುರೇಟೆಡ್ ಅಂಶ ಹೆಚ್ಚು, ಹಾಗಾಗಿ ಬಹಳ ಗಟ್ಟಿ. ಬೀಫ್ ಕೊಬ್ಬು ಸಾಮಾನ್ಯವಾಗಿ ಹಂದಿಯ ಕೊಬ್ಬಿಗಿಂತ ಹೆಚ್ಚಿನ ಉಷ್ಣತೆಯಲ್ಲಿ ಕರಗುವಂಥದ್ದು. ಬೀಫ್ ಸಾಸೇಜ್ ಆರಿದ ಮೇಲೆ ಬಾಯಿಯ ಅಂಗುಳಕ್ಕೆ ಮೇಣದಂತೆ ಅಂಟುವುದು ಇದರಿಂದಲೇ. ತಟ್ಟೆಗೆ ಬಿಸಿಬಿಸಿಯಾಗಿಯೇ ಬರಬೇಕಾದ ತಿನಿಸು ಇದು.

ನಾದುವ ಹಂತದಲ್ಲೇ ಹೆಚ್ಚಿನವರು ಎಡವುತ್ತಾರೆ. ಪಾತ್ರೆ, ಕೈಮಾ, ನೀರು ಎಲ್ಲವೂ ಫ್ರಿಜ್‌ನಿಂದ ಆಗಷ್ಟೇ ಹೊರಬಂದಿರಲಿ, ಕೈಮಾದ ಉಷ್ಣತೆ 4 ಡಿಗ್ರಿಯೊಳಗಿರಲಿ. ಮೊದಲು ಒಣ ಪದಾರ್ಥಗಳನ್ನೆಲ್ಲ ಬೆರೆಸಿ ಕೈಮಾದ ಮೇಲೆ ಸಮನಾಗಿ ಉದುರಿಸಿ, ಮೇಲೆಕೆಳಗೆ ಮಾಡಿ, ಮುಚ್ಚಿ ಒಂದು ಗಂಟೆ ಫ್ರಿಜ್‌ನಲ್ಲಿಡಿ. ರಾತ್ರಿಯಿಡೀ ಇಟ್ಟರೆ ಇನ್ನೂ ಉತ್ತಮ, ಏಕೆಂದರೆ ಸೇಜ್ ಮತ್ತು ಥೈಮ್‌ನ ಪರಿಮಳದ ಎಣ್ಣೆಗಳು ನಿಧಾನವಾಗಿ ಕೊಬ್ಬಿಗೆ ಇಳಿಯುತ್ತವೆ. ಆಮೇಲೆ ತಣ್ಣೀರು ಸುರಿದು ಒಂದೆರಡು ನಿಮಿಷ ಗಟ್ಟಿಯಾಗಿ ನಾದಿ. ಮುಷ್ಟಿಗಾತ್ರದ ಮುದ್ದೆಯನ್ನು ಅಂಗೈಗೆ ಒತ್ತಿ ಕೈ ಬೋರಲು ಮಾಡಿ. ಬೀಳದೆ ಅಂಟಿಕೊಂಡಿತೇ? ಹದ ಬಂದಿದೆ. ಬಿದ್ದರೆ ಇನ್ನರ್ಧ ನಿಮಿಷ ನಾದಿ.

ನಾದುವಾಗ ಕೈಗೆ ಜಿಡ್ಡು ಮೆತ್ತಿ ಮುದ್ದೆ ಹೊಳೆಯತೊಡಗಿದರೆ ಅದು ಅಪಾಯದ ಸೂಚನೆ. ಅಂಗೈಯ ಕಾವಿಗೆ ಮೆದುವಾದ ಕೊಬ್ಬು ತುಣುಕಾಗಿ ಉಳಿಯದೆ ಮಾಂಸದ ಮೇಲೆಲ್ಲ ಬಳಿದುಕೊಳ್ಳುತ್ತಿದೆ. ಬಳಿದುಕೊಂಡ ಕೊಬ್ಬಿನ ಮೇಲೆ ಮಯೋಸಿನ್ ಹಿಡಿಯುವುದಿಲ್ಲ. ಬೇಯಿಸುವಾಗ ಕೊಬ್ಬು ಒಂದೆಡೆ ಹರಿದು, ಮಾಂಸ ಇನ್ನೊಂದೆಡೆ ಒಣಗಿ ಮರಳು ಮರಳಾಗುತ್ತದೆ. ಒಮ್ಮೆ ಹೀಗಾದ ಮುದ್ದೆಯನ್ನು ಸರಿಪಡಿಸಲಾಗದು. ಮುದ್ದೆಯ ಉಷ್ಣತೆ 10 ಡಿಗ್ರಿಯ ಹತ್ತಿರ ಬಂದರೆ ಕೂಡಲೇ ನಿಲ್ಲಿಸಿ, 20 ನಿಮಿಷ ಫ್ರೀಜರ್‌ನಲ್ಲಿಟ್ಟು ಮುಂದುವರಿಸಿ.

ಎಲ್ಲವನ್ನೂ ತಟ್ಟುವ ಮುನ್ನ ಒಂದು ಚಮಚದಷ್ಟನ್ನು ಬೇಯಿಸಿ ರುಚಿ ನೋಡಿ. ಹಸಿಯದನ್ನು ನಾಲಿಗೆಗೆ ತಾಗಿಸಬೇಡಿ. ನಂತರ 60 ಗ್ರಾಂ ತೂಕದ, ಒಂದು ಸೆಂಟಿಮೀಟರ್ ದಪ್ಪದ, ಎಂಟೊಂಬತ್ತು ಸೆಂಟಿಮೀಟರ್ ಅಗಲದ ಬಿಲ್ಲೆಗಳನ್ನು ತಟ್ಟಿ. ಸುಮಾರು 18 ಆಗುತ್ತವೆ. ನಡುವೆ ಹೆಬ್ಬೆರಳಿನಿಂದ ಸಣ್ಣ ಗುಳಿ ಒತ್ತಿ. ಬೇಯುವಾಗ ಮಾಂಸದ ಕೊಲಾಜೆನ್ ಎಂಬ ಪ್ರೋಟೀನ್ ಕುಗ್ಗಿ ಅಂಚನ್ನು ಒಳಕ್ಕೆಳೆಯುತ್ತದೆ. ಗುಳಿ ಇಲ್ಲದಿದ್ದರೆ ನಡುಭಾಗ ಉಬ್ಬಿ, ಅಂಚು ಒಣಗಿದರೂ ಮಧ್ಯ ಹಸಿಯಾಗಿರುತ್ತದೆ. ಉದ್ದನೆಯ ಸಾಸೇಜ್ ಬೇಕಿದ್ದರೆ ಇದೇ ಮಿಶ್ರಣವನ್ನು ಕುರಿಯ ತೆಳು ಕರುಳಿನ ಹೊದಿಕೆಗೆ ತುಂಬಬಹುದು.

ಕಾವಲಿ ಮಧ್ಯಮ ಉರಿಯಲ್ಲಿ ಕಾಯಲಿ, ಬಿಲ್ಲೆಗಳ ನಡುವೆ ಜಾಗವಿರಲಿ. ಒತ್ತೊತ್ತಾಗಿ ಇಟ್ಟರೆ ಹೊರಬಂದ ನೀರು ಆವಿಯಾಗಿ ಹೋಗಲು ದಾರಿಯಿಲ್ಲದೆ ಮಾಂಸ ಬೆಂದು ಬೂದುಬಣ್ಣಕ್ಕೆ ತಿರುಗುತ್ತದೆ. ಕಂದು ಹೊರಪದರ ಕೊಡುವ ಮೈಲಾರ್ಡ್ ಕ್ರಿಯೆ ಚುರುಕಾಗುವುದು 140 ಡಿಗ್ರಿ ಮುಟ್ಟಿದ ಮೇಲೆ, ಮೇಲ್ಮೈ ಒದ್ದೆಯಿರುವವರೆಗೆ ಅದು 100 ದಾಟುವುದಿಲ್ಲ. ಉರಿ ಜೋರಾದರೂ ಕಷ್ಟ, ಸಕ್ಕರೆ ಸೀದು ಕಹಿಯಾಗುತ್ತದೆ. ಒಂದೊಂದು ಬದಿಗೆ ಮೂರ್ನಾಲ್ಕು ನಿಮಿಷ ಸಾಕು.

ಬೆಂದಿದೆಯೇ ಎಂದು ಬಣ್ಣ ನೋಡಿ ನಿರ್ಧರಿಸಬೇಡಿ. ಇದನ್ನು ಒತ್ತಿ ಹೇಳಲೇಬೇಕು. ಇಡಿಯ ತುಂಡಿನಲ್ಲಿ ಬ್ಯಾಕ್ಟೀರಿಯಾಗಳು ಹೆಚ್ಚಾಗಿ ಹೊರಮೈಯಲ್ಲಿರುತ್ತವೆ, ಕಾವಲಿಯ ಬಿಸಿಗೆ ಸಾಯುತ್ತವೆ. ಕೊಚ್ಚಿದಾಗ ಆ ಹೊರಮೈಯೇ ಒಳಸೇರುತ್ತದೆ. 1993ರಲ್ಲಿ ಅಮೆರಿಕದ ಪಶ್ಚಿಮ ರಾಜ್ಯಗಳಲ್ಲಿ ಸರಿಯಾಗಿ ಬೇಯದ ಹ್ಯಾಂಬರ್ಗರ್‌ಗಳಿಂದ ಇ. ಕೋಲಿ ಒ157:ಎಚ್7 ಹರಡಿ ನಾಲ್ಕು ಮಕ್ಕಳು ಸತ್ತರು. ಮರುವರ್ಷ ಅಲ್ಲಿನ ಸರ್ಕಾರ ಈ ಬ್ಯಾಕ್ಟೀರಿಯಾ ಇರುವ ಹಸಿ ಬೀಫ್ ಕೈಮಾವನ್ನು ಕಲಬೆರಕೆ ಎಂದೇ ಪರಿಗಣಿಸಿತು. ಕೈಮಾದ ಒಳಭಾಗ 71 ಡಿಗ್ರಿ ತಲುಪಬೇಕೆನ್ನುವುದು ಅಲ್ಲಿನ ಅಧಿಕೃತ ಸಲಹೆ. ಮಾಂಸಕ್ಕೆ ಕೆಂಪು ಕೊಡುವ ಮಯೋಗ್ಲೋಬಿನ್, ಉಪ್ಪು ಮತ್ತು ಗಾಳಿಯ ಸಂಗದಲ್ಲಿ ಬೇಯುವ ಮೊದಲೇ ಕಂದಾಗಿರುತ್ತದೆ. ರಾತ್ರಿ ಉಪ್ಪು ಹಚ್ಚಿಟ್ಟ ಕೈಮಾ 60 ಡಿಗ್ರಿಯಲ್ಲೇ ಪೂರ್ತಿ ಬೆಂದಂತೆ ಕಾಣಬಹುದು. ಥರ್ಮಾಮೀಟರ್‌ನ ಮೊನೆಯನ್ನು ಬಿಲ್ಲೆಯ ಪಕ್ಕದಿಂದ ನಡುವಿನವರೆಗೆ ತೂರಿಸಿ ನೋಡಿ. 71 ತೋರಿಸಿದ ಕೂಡಲೇ ಇಳಿಸಿ. ಅದಕ್ಕಿಂತ ಮುಂದೆ ಹೋದಷ್ಟೂ ಪ್ರೋಟೀನ್ ಬಲೆ ಬಿಗಿದು ನೀರನ್ನು ಹಿಂಡುತ್ತದೆ.

ಈ ಸಾಸೇಜ್‌ನಲ್ಲಿ ಮಾಂಸ ಕೆಡದಂತೆ ಕಾಯುವ ನೈಟ್ರೈಟ್ ಲವಣ ಇಲ್ಲ. ಆದ್ದರಿಂದ ಇದನ್ನು ತಣ್ಣನೆಯ ಹೊಗೆಯಲ್ಲಿ ತೂಗುಹಾಕುವುದಾಗಲಿ, ಒಣಗಿಸಿಡುವುದಾಗಲಿ ಕೂಡದು. ಗಾಳಿಯಿಲ್ಲದ ಒಳಭಾಗದಲ್ಲಿ ಬಾಟುಲಿಸಂ ವಿಷ ಹುಟ್ಟಬಹುದು. ಹಸಿ ಮಿಶ್ರಣ ಫ್ರಿಜ್‌ನಲ್ಲಿ ಎರಡು ದಿನ ಮೀರದಿರಲಿ, ಉಪ್ಪು ಹಾಕಿ ಕಾಯ್ದ ರಾತ್ರಿಯೂ ಆ ಲೆಕ್ಕದಲ್ಲೇ ಸೇರಿದೆ. ಮೈನಸ್ 18 ಡಿಗ್ರಿಯ ಫ್ರೀಜರ್‌ನಲ್ಲಿ, ಬಿಲ್ಲೆಗಳ ನಡುವೆ ಬೆಣ್ಣೆಕಾಗದವಿಟ್ಟು ಗಾಳಿ ಹೊರಹಾಕಿ ಕಟ್ಟಿದರೆ, ಎರಡು ಮೂರು ತಿಂಗಳು ರುಚಿ ನಿಲ್ಲುತ್ತದೆ. ಕೊಬ್ಬು ಗಾಳಿಯ ಆಮ್ಲಜನಕದೊಂದಿಗೆ ಸೇರಿ ಕೆಡುವುದನ್ನು (ಉತ್ಕರ್ಷಣ) ಉಪ್ಪು ಚುರುಕುಗೊಳಿಸುವುದರಿಂದ ಸಾಸೇಜ್ ಬರಿಯ ಕೈಮಾಕ್ಕಿಂತ ಬೇಗ ಕಮಟು ಹಿಡಿಯುತ್ತದೆ. ಸೇಜ್‌ನಲ್ಲಿರುವ ಕಾರ್ನೋಸಿಕ್ ಆಮ್ಲ ಇದನ್ನು ಸ್ವಲ್ಪಮಟ್ಟಿಗೆ ತಡೆಯುತ್ತದೆ. ಗಡ್ಡೆಗಟ್ಟಿದ ಬಿಲ್ಲೆಗಳನ್ನು ಕರಗಿಸಬೇಕಾಗಿಲ್ಲ. ಸಣ್ಣ ಉರಿಯಲ್ಲಿ ಮುಚ್ಚಿ ಐದಾರು ನಿಮಿಷ ಬೇಯಿಸಿ, ಮುಚ್ಚಳ ತೆಗೆದು ಉರಿ ಹೆಚ್ಚಿಸಿ ಎರಡೂ ಬದಿ ಕಂದಾಗಿಸಿ, ಥರ್ಮಾಮೀಟರ್ ಮತ್ತೆ 71 ತೋರಿಸುವವರೆಗೆ.