ಥೆರಪಿ ಕೋಣೆಯವರೆಗೆ ಕಾನೂನು ಬಂದ ದಾರಿ

ಮಾತು ತಡವಾದ ಮಗುವಿಗೆ ಸ್ಪೀಚ್ ಥೆರಪಿ, ಪೆನ್ಸಿಲ್ ಹಿಡಿಯಲಾಗದ ಬೆರಳುಗಳಿಗೆ ಆಕ್ಯುಪೇಷನಲ್ ಥೆರಪಿ, ಚಡಪಡಿಕೆಗೆ ವರ್ತನಾ ಚಿಕಿತ್ಸೆ. ನಗರಗಳಲ್ಲಿ ಈ ಮೂರೂ ಒಂದೇ ಮಹಡಿಯಲ್ಲಿ ಸಿಗುತ್ತವೆ. ಆದರೆ ಅಲ್ಲಿ ಮಗುವಿಗೆ ದೌರ್ಜನ್ಯವಾದರೆ ಯಾರ ಬಳಿ ಹೋಗಬೇಕು ಎಂಬ ಪ್ರಶ್ನೆಗೆ ಉತ್ತರ ನಾಲ್ಕು ಕಾಯ್ದೆಗಳಲ್ಲಿ ಹಂಚಿಹೋಗಿದೆ. ಸ್ಪೀಚ್ ಥೆರಪಿಸ್ಟರ ನೋಂದಣಿಗೆ 1992ರ ಭಾರತೀಯ ಪುನರ್ವಸತಿ ಪರಿಷತ್ ಕಾಯ್ದೆಯಿದೆ, ಆಕ್ಯುಪೇಷನಲ್ ಥೆರಪಿಸ್ಟರಿಗೆ 2021ರ ಕಾಯ್ದೆ ಬಂದಿದೆ. ವಿಕಲಚೇತನರ ಪುನರ್ವಸತಿ ಸಂಸ್ಥೆಗಳು 2016ರ ಹಕ್ಕುಗಳ ಕಾಯ್ದೆಯಡಿ ನೋಂದಣಿಯಾಗಬೇಕು. ಲೈಂಗಿಕ ಅಪರಾಧ ನಡೆದರೆ, ಅಂಥ ಅಪರಾಧಗಳಿಂದ ಮಕ್ಕಳನ್ನು ರಕ್ಷಿಸುವ 2012ರ ಪೋಕ್ಸೊ ಕಾಯ್ದೆ ಅನ್ವಯವಾಗುತ್ತದೆ.

ಮೈಸೂರಿನಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಆರಂಭವಾದ 1960ರ ದಶಕದಲ್ಲಿ ಇಂಥ ಚಿಕಿತ್ಸೆ ಸಿಗುತ್ತಿದ್ದ ಜಾಗಗಳೇ ಬೆರಳೆಣಿಕೆಯಷ್ಟಿದ್ದವು. ಕಿವುಡು ಮಕ್ಕಳ ಜೊತೆಗೆ ತಾಯಂದಿರನ್ನೂ ತರಗತಿಯಲ್ಲಿ ಕೂರಿಸಿ ಕಲಿಸುವ ಶಾಲೆಯೂ ಅದೇ ಊರಿನಲ್ಲಿ ಬೆಳೆಯಿತು. ಮನೆಯಲ್ಲಿ ದಿನವಿಡೀ ಮಗುವಿಗೆ ಮಾತು ಕಲಿಸುವವಳು ತಾಯಿ ಎಂಬುದು ಅಲ್ಲಿನ ಲೆಕ್ಕಾಚಾರ. ಮನೆಯವರ ಕಣ್ಣೆದುರೇ ಪಾಠ ನಡೆಯುವುದು ಮಗುವಿಗೆ ರಕ್ಷಣೆಯೂ ಹೌದು. ಮುಂದೆ ಖಾಸಗಿ ಕೇಂದ್ರಗಳು ಹೆಚ್ಚಿದಾಗ ಈ ಪದ್ಧತಿ ಎಲ್ಲ ಕಡೆಗೂ ಹೋಗಲಿಲ್ಲ. ಅಮ್ಮ ಕಂಡರೆ ಮಗು ಗಮನ ಕೊಡುವುದಿಲ್ಲ ಎಂಬ ಕಾರಣಕ್ಕೆ ಹೆತ್ತವರು ಹೊರಗಿನ ಬೆಂಚಿನಲ್ಲಿ ಕಾಯುವುದು ಹಲವೆಡೆ ರೂಢಿಯಾಯಿತು. ಕಾರಣ ಸುಳ್ಳಲ್ಲ. ಆದರೆ ಅದಕ್ಕಾಗಿ ಬಾಗಿಲನ್ನು ಪೂರ್ತಿ ಮುಚ್ಚಬೇಕಿರಲಿಲ್ಲ, ಒಂದು ಗಾಜಿನ ಕಿಟಕಿ ಸಾಕಿತ್ತು.

ಮಕ್ಕಳ ಮೇಲಿನ ದೌರ್ಜನ್ಯದ ಬಗ್ಗೆ ದೇಶ ಬಾಯಿಬಿಟ್ಟು ಮಾತಾಡಿದ್ದು ತಡವಾಗಿ. ಕೇಂದ್ರ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯ 13 ರಾಜ್ಯಗಳಲ್ಲಿ ನಡೆಸಿ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಅರ್ಧಕ್ಕಿಂತ ಹೆಚ್ಚು ಮಕ್ಕಳು ಒಂದಲ್ಲ ಒಂದು ಬಗೆಯ ಲೈಂಗಿಕ ದೌರ್ಜನ್ಯಕ್ಕೆ ಒಳಗಾದುದನ್ನು ಹೇಳಿಕೊಂಡಿದ್ದರು. ಐದು ವರ್ಷಗಳ ನಂತರ, 2012ರ ನವೆಂಬರ್ 14ರಂದು ಪೋಕ್ಸೊ ಜಾರಿಗೆ ಬಂತು. ಮಗುವಿಗೆ ಸೇವೆ ನೀಡುವ ಯಾವುದೇ ಸಂಸ್ಥೆಯ ಮಾಲೀಕರು ಅಥವಾ ಸಿಬ್ಬಂದಿ ಎಸಗಿದ ಕೃತ್ಯವನ್ನು, ಮಗುವಿನ ವೈಕಲ್ಯದ ಲಾಭ ಪಡೆದು ಎಸಗಿದ ಕೃತ್ಯವನ್ನು ಈ ಕಾಯ್ದೆ ಹೆಚ್ಚು ಗಂಭೀರ ಅಪರಾಧಗಳ ಸಾಲಿಗೆ ಸೇರಿಸಿತು. ವಿಷಯ ತಿಳಿದವರು ಪೊಲೀಸರಿಗೆ ತಿಳಿಸುವುದೂ ಕಡ್ಡಾಯವಾಯಿತು. ತನ್ನ ಕೈಕೆಳಗಿನವರ ಅಪರಾಧವನ್ನು ವರದಿ ಮಾಡದ ಸಂಸ್ಥೆಯ ಮುಖ್ಯಸ್ಥರಿಗೆ ಒಂದು ವರ್ಷದವರೆಗೆ ಜೈಲು ಶಿಕ್ಷೆ ಮತ್ತು ದಂಡವಿದೆ. ಕೇಂದ್ರದ ಹೆಸರು ಕೆಡುತ್ತದೆ ಎಂದು ಒಳಗೊಳಗೇ ರಾಜಿ ಮಾಡಿಸುವುದು ಅಂದಿನಿಂದ ಅಪರಾಧ.

ಅದೇ 2012ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ ಸಂಶೋಧನಾ ವಿಮರ್ಶೆಯೊಂದು, ವೈಕಲ್ಯವಿರುವ ಮಕ್ಕಳು ಉಳಿದ ಮಕ್ಕಳಿಗಿಂತ 3.7 ಪಟ್ಟು ಹೆಚ್ಚಾಗಿ ಹಿಂಸೆಗೆ ಒಳಗಾಗುತ್ತಾರೆ ಎಂದು ಅಂದಾಜಿಸಿತು. ಏಕೆ ಎಂಬುದಕ್ಕೆ ಥೆರಪಿ ಕೋಣೆಯಲ್ಲೇ ಕೆಲವು ಉತ್ತರಗಳಿವೆ. ಅಲ್ಲಿ ಮುಟ್ಟುವುದೇ ಕೆಲಸದ ಭಾಗ. ತುಟಿ ಹಿಡಿದು ಉಚ್ಚಾರ ತೋರಿಸುತ್ತಾರೆ, ಸೊಂಟ ಹಿಡಿದು ಚೆಂಡಿನ ಮೇಲೆ ಕೂರಿಸುತ್ತಾರೆ. ಯಾವ ಸ್ಪರ್ಶ ಯಾವ ಕಾರಣಕ್ಕೆ ಎಂದು ಹೆತ್ತವರಿಗೆ ಮೊದಲೇ ವಿವರಿಸದಿದ್ದರೆ ಗೆರೆ ದಾಟಿದ್ದು ಅವರಿಗೆ ಗೊತ್ತಾಗುವುದೇ ಇಲ್ಲ. ಹೇಳಿದಂತೆ ಕೇಳುವುದು ಹಲವು ಮಕ್ಕಳ ಚಿಕಿತ್ಸೆಯ ಗುರಿಯಾಗಿರುತ್ತದೆ. ಹೀಗೆ ತಿಂಗಳುಗಟ್ಟಲೆ ಅಭ್ಯಾಸವಾದ ಮಗುವಿಗೆ ‘ಬೇಡ’ ಎನ್ನುವುದನ್ನು ಬೇರೆಯಾಗಿಯೇ ಕಲಿಸಬೇಕು. ಮಾತು ಬಾರದ ಮಗು ಬಳಸುವ ಚಿತ್ರಫಲಕದಲ್ಲಿ ನೀರು, ಊಟ, ಆಟಗಳ ಜೊತೆ ಗುಪ್ತಾಂಗಗಳ ಚಿತ್ರವೂ ‘ನೋವಾಯಿತು’ ಎನ್ನುವ ಚಿತ್ರವೂ ಇಲ್ಲದಿದ್ದರೆ ಅದು ದೂರು ಹೇಳುವುದಾದರೂ ಹೇಗೆ? ನನಗೆ ಎಲ್ಲಕ್ಕಿಂತ ಹೆಚ್ಚು ದಿಗಿಲು ಹುಟ್ಟಿಸುವುದು ಇನ್ನೊಂದು ಸಂಗತಿ. ಮಗು ಕೇಂದ್ರದ ಮೆಟ್ಟಿಲ ಬಳಿ ಕಿರುಚಿದರೆ, ರಾತ್ರಿ ಹಾಸಿಗೆ ಒದ್ದೆ ಮಾಡತೊಡಗಿದರೆ, ಅದನ್ನು ಆಟಿಸಂನ ಲಕ್ಷಣ ಎಂದು ಬರೆದುಕೊಂಡು ಮುಂದಕ್ಕೆ ಹೋಗುವುದು ಬಹಳ ಸುಲಭ.

2014ರಲ್ಲಿ ಬೆಂಗಳೂರಿನ ಶಾಲೆಯೊಂದರಲ್ಲಿ ಮಗುವಿನ ಮೇಲೆ ನಡೆದ ಲೈಂಗಿಕ ದೌರ್ಜನ್ಯದ ಪ್ರಕರಣ ಸಾವಿರಾರು ಪೋಷಕರನ್ನು ಬೀದಿಗೆ ತಂದಿತು. 2016ರಲ್ಲಿ ಕರ್ನಾಟಕದ ಮಕ್ಕಳ ರಕ್ಷಣಾ ನೀತಿ ಬಂತು. ಅದರ ಕಣ್ಣು ಶಾಲೆಯ ಮೇಲಿತ್ತು, ಶಾಲೆ ಬಿಟ್ಟ ನಂತರ ಮಗು ಹೋಗುವ ಥೆರಪಿ ಕೇಂದ್ರ ಆಗಿನ ಚರ್ಚೆಯಲ್ಲಿ ಕಾಣಿಸಿದ್ದು ಕಡಿಮೆ. 2020ರ ಮಾರ್ಚ್‌ನ ಪೋಕ್ಸೊ ನಿಯಮಗಳು ಆ ಕೊರತೆಯನ್ನು ಕಾಗದದ ಮೇಲೆ ನೀಗಿಸಿದವು. ಮಕ್ಕಳೊಂದಿಗೆ ನಿಯಮಿತ ಸಂಪರ್ಕವಿರುವ ಯಾವುದೇ ಸಂಸ್ಥೆ ಕಾಯಂ, ಗುತ್ತಿಗೆ ಎನ್ನದೆ ಎಲ್ಲ ಸಿಬ್ಬಂದಿಯ ಪೊಲೀಸ್ ಪರಿಶೀಲನೆಯನ್ನು ಕಾಲಕಾಲಕ್ಕೆ ಮಾಡಿಸಬೇಕು, ತರಬೇತಿಯನ್ನೂ ಕೊಡಿಸಬೇಕು. ಪರಿಶೀಲನೆ ಅಗತ್ಯವೇ. ಆದರೆ ಹಿಂದೆ ಸಿಕ್ಕಿಬಿದ್ದವರನ್ನು ಮಾತ್ರ ಅದು ತೋರಿಸಬಲ್ಲದು. ಯಾವಾಗ ಬೇಕಾದರೂ ಒಳಗೆ ನೋಡಲು ಹೆತ್ತವರಿಗೆ ಅವಕಾಶವಿರುವ ಕೋಣೆ ಇದಕ್ಕಿಂತ ಹೆಚ್ಚಿನ ಕೆಲಸ ಮಾಡುತ್ತದೆ.

ದೂರು ದಾಖಲಾದ ಮೇಲೆ ಇನ್ನೊಂದು ತೊಡಕು ಎದುರಾಗುತ್ತದೆ. ಮಗುವಿನ ಹೇಳಿಕೆ ಪಡೆಯುವಾಗ ಅದರ ಸನ್ನೆ, ಸದ್ದುಗಳನ್ನು ಬಲ್ಲವರ ಅಥವಾ ವಿಶೇಷ ಶಿಕ್ಷಕರ ನೆರವು ಪಡೆಯಲು ಪೋಕ್ಸೊದಲ್ಲಿ ಅವಕಾಶವಿದೆ. ಮನೆಯವರನ್ನು ಬಿಟ್ಟರೆ ಆ ಸನ್ನೆಗಳನ್ನು ಚೆನ್ನಾಗಿ ಬಲ್ಲವರು ಹಲವು ಬಾರಿ ಅದೇ ಕೇಂದ್ರದ ಸಿಬ್ಬಂದಿಯೇ ಆಗಿರುತ್ತಾರೆ. ಆದರೆ ಇಂಥ ನೆರವಿಗೆ ಕರೆಯಬಹುದಾದ ವಿಶೇಷ ಶಿಕ್ಷಕರ, ಪರಿಣತರ ಹೆಸರುಗಳಿರುವ ಪಟ್ಟಿಯನ್ನು ಪ್ರತಿ ಜಿಲ್ಲೆಯ ಮಕ್ಕಳ ರಕ್ಷಣಾ ಘಟಕ ಇಟ್ಟಿರಬೇಕು ಎಂದು ನಿಯಮ ಹೇಳುತ್ತದೆ. ಕುಟುಂಬ ಆ ಪಟ್ಟಿಯಿಂದಲೇ ಒಬ್ಬರು ಬೇಕೆಂದು ತನಿಖಾಧಿಕಾರಿಯನ್ನು ಕೇಳಬಹುದು.